ಮುತ್ಯಾನ ಹಿತ್ತಾಳಿ ರೇಜರ್

ಕಳೆದ ಭಾನುವಾರ ಮುಂಜಾನೆ ಗದ್ದದ ಮೇಲೆ ಎರಡು ಕಡೆ ಕೊಯ್ದುಕೊಂಡು, ಉರಿಯೋ ಜಾಗಕ್ಕೆ ಪಟಕ ತಿಕ್ಕುತ್ತ ಕೂತಿದ್ದೆ. ಐವತ್ತು ದಾಟಿದ ಮನುಷ್ಯ ಹೊಸದಾಗಿ ದಾಡಿ ಮಾಡಿಕೊಳ್ಳೋದು ಕಲಿಯಾಕ ಕೂತರೆ ಮನೆಯವರು ನಗದೇ ಇರ್ತಾರೇನು? ಮಗ ಫೋಟೋ ತೆಗೆದ. ಅವ್ವ ಮಾತ್ರ ನಗಲಿಲ್ಲ. ನನ್ನ ಕೈಯಲ್ಲಿದ್ದ ರೇಜರ್ ನೋಡಿ, "ಅದು ನಿಮ್ಮ ಮುತ್ಯಾಂದಲ್ಲೇನೋ?" ಅಂದಳು.

ಹೌದು, ಮುತ್ಯಾಂದೇ. ಮನೆಗೆ ಬಣ್ಣ ಹಚ್ಚೋ ಸಲುವಾಗಿ ಹಳೆ ತಗಡಿನ ಟ್ರಂಕು ಹೊರಗೆ ತೆಗೆದಾಗ ಒಂದು ಸಣ್ಣ ಡಬ್ಬಿಯಲ್ಲಿ ಸಿಕ್ಕಿತು. ಹಿತ್ತಾಳಿದು, ಕಪ್ಪಾಗಿತ್ತು. ಮೂರು ಭಾಗ: ಒಂದು ಹಿಡಿಕೆ, ಹಲ್ಲಿನಂಗ ಅಂಚಿರೋ ಒಂದು ತಟ್ಟೆ, ಮೇಲೊಂದು ಮುಚ್ಚಳ. ಜೊತೆಗೆ ಕೂದಲೆಲ್ಲ ಉದುರಿದ ಒಂದು ಬ್ರಷ್. ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ರೇಜರ್ ಹೊಳೆಯಿತು. ಬ್ರಷ್ ಮಾತ್ರ ಉಪಯೋಗಕ್ಕೆ ಬರಲಿಲ್ಲ, ಪ್ಯಾಟ್ಯಾಗ ಹೊಸದೊಂದು ತಗೊಂಡೆ. ಬ್ಲೇಡ್ ಈಗಲೂ ಕಿರಾಣಿ ಅಂಗಡಿಯಲ್ಲಿ ಎರಡು ಮೂರು ರೂಪಾಯಿಗೆ ಸಿಗುತ್ತದೆ. ಎಂಬತ್ತು ವರ್ಷದ ಹಿಂದಿನ ರೇಜರಿಗೆ ಇವತ್ತಿನ ಬ್ಲೇಡು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಕೂತಿತು. ಅದನ್ನ ನೋಡಿಯೇ ಒಂದು ಕ್ಷಣ ಸುಮ್ಮನಾದೆ.

ದಾಡಿ ಮಾಡಿಕೊಳ್ಳೋದು ಮಾತ್ರ ಅಷ್ಟು ಸಸಾರ ಇರಲಿಲ್ಲ. ನಮಗೆ ಪ್ಲಾಸ್ಟಿಕ್ ರೇಜರ್ ರೂಢಿ. ಒತ್ತಿ ಎಳೆದರೂ ನಡೀತದೆ. ಇದನ್ನ ಒತ್ತಿದರೆ ಚರ್ಮ ಬರ್ತದೆ. ಬಿಸಿನೀರಿನಿಂದ ಮುಖ ನೆನೆಸಬೇಕು. ಬ್ರಷ್ ಅನ್ನು ಸಾಬೂನಿನ ಮೇಲೆ ತಿರುವಿ ತಿರುವಿ ನೊರೆ ಗಟ್ಟಿ ಮಾಡಬೇಕು. ಆಮೇಲೆ ರೇಜರಿನ ತಲೆಯನ್ನ ಕೆನ್ನೆಗೆ ತುಸು ಓರೆಯಾಗಿ ಹಿಡಿದು, ಅದರ ತೂಕದಿಂದ ಅದೇ ಇಳಿಯೋ ಹಂಗ ಬಿಡಬೇಕು. ಕೂದಲು ಯಾವ ಕಡೆ ಬೆಳೆದದೋ ಆ ಕಡೆಗೇ. ಅವಸರ ಮಾಡಿದೆನೋ, ರಕ್ತ. ಎರಡನೇ ಭಾನುವಾರಕ್ಕೆ ಕೈ ಸ್ವಲ್ಪ ಕುಂತಿತು. ಗದ್ದ ನುಣ್ಣಗಾಯಿತು. ಆದರೆ ನಾನು ಇವತ್ತು ಬರೆಯಾಕ ಹೊರಟಿದ್ದು ನನ್ನ ಗದ್ದದ ಕತೆ ಅಲ್ಲ.

ಈ ರೇಜರ್ ನಮ್ಮ ಮನೆಗೆ ಯಾಕೆ ಬಂತು? ಅದು ಹೇಳಬೇಕಾದ ಕತೆ.

ಮುತ್ಯಾ ಹುಟ್ಟಿದ್ದು ಜಮಖಂಡಿ ಸೀಮೆಯ ಒಂದು ಹಳ್ಳಿಯಲ್ಲಿ, ಪಟವರ್ಧನರ ಸಂಸ್ಥಾನದ ಕಾಲದಲ್ಲಿ. ಊರಲ್ಲಿ ಚೌರ ಮಾಡೋ ಮನೆ ಇತ್ತು. ಊರವರಿಗೆಲ್ಲ ಅವರು ಚೌರ ಮಾಡಬೇಕು, ಸುಗ್ಗಿಯಲ್ಲಿ ಆಯ ತಗೋಬೇಕು. ನಮ್ಮ ಕೇರಿಯವರೂ ಊರಿಗೆ ದುಡಿಯೋರೇ. ಸತ್ತ ದನ ಎಳೀತಿದ್ದರು, ಸಾವಿನ ಸುದ್ದಿ ಹೊತ್ತು ಊರೂರು ತಿರುಗುತಿದ್ದರು. ಆದರೆ ಚೌರದ ಕತ್ತಿ ಕೇರಿಯ ಕಡೆ ತಿರುಗ್ತಿರಲಿಲ್ಲ. ಹಂಗಾದರೆ ಕೂದಲು ಯಾರು ತೆಗೀತಿದ್ದರು? ಕೇರಿಯಲ್ಲೇ ಒಬ್ಬ ಮುದುಕ, ಕುರಿಯ ಉಣ್ಣೆ ಕತ್ತರಿಸೋ ಕತ್ತರಿ ಹಿಡಿದು ಗಂಡಸರ ತಲೆ ಸವರುತಿದ್ದನಂತೆ. ಗಡ್ಡ ಬೆಳೆದಷ್ಟು ಬೆಳೀಲಿ ಅಂತ ಬಿಡೋದು. ಗಡ್ಡ ಬಿಟ್ಟುಕೊಂಡ ನಮ್ಮವರನ್ನ ನೋಡಿ ಊರವರು "ಹೊಲಸು ಮಂದಿ" ಅಂತಿದ್ದರು. ಚೌರ ಮಾಡಬೇಡ ಅಂತ ತಡೆದವರೂ ಅವರೇ, ಹೊಲಸು ಅಂದವರೂ ಅವರೇ.

ಎರಡನೇ ಮಹಾಯುದ್ಧ ಶುರುವಾದಾಗ ಮುತ್ಯಾ ಊರು ಬಿಟ್ಟು ಬೆಳಗಾವಿಗೆ ಹೋಗಿ ಮಿಲಿಟರಿ ಕೆಲಸಕ್ಕೆ ಸೇರಿದ. ಬೆಳಗಾವಿಗೂ ನಮ್ಮ ಇತಿಹಾಸಕ್ಕೂ ದೊಡ್ಡ ನಂಟಿದೆ. ಬ್ರಿಟಿಷರು 1890ರ ದಶಕದ ಮೊದಲಲ್ಲಿ ಮಹಾರರನ್ನು ಸೈನ್ಯಕ್ಕೆ ತಗೊಳ್ಳೋದನ್ನ ನಿಲ್ಲಿಸಿದ್ದರು. ಮೊದಲ ಮಹಾಯುದ್ಧಕ್ಕೆ ಜನ ಸಾಲದಾದಾಗ 1917ರಲ್ಲಿ ಒಂದು ದಳ ಕಟ್ಟಿ, ಯುದ್ಧ ಮುಗಿದ ಮೇಲೆ 1921ರಲ್ಲಿ ಅದನ್ನೂ ಮುಚ್ಚಿದರು. ಬಾಬಾಸಾಹೇಬರು ಪಟ್ಟು ಬಿಡದೆ ಕೇಳಿದ ಮೇಲೆ 1941ರಲ್ಲಿ ಮಹಾರ್ ರೆಜಿಮೆಂಟ್ ಕಟ್ಟಿದ್ದು ಇದೇ ಬೆಳಗಾವಿಯಲ್ಲಿ. ಮುತ್ಯಾ ಬಂದೂಕು ಹಿಡಿದ ಸಿಪಾಯಿ ಅಲ್ಲ, ಸಾಮಾನು ಹೊರೋ ಆಳು. ಆದರೂ ಯುದ್ಧ ಮುಗಿಸಿ ಊರಿಗೆ ಬಂದಾಗ ಅವನ ಹತ್ತಿರ ಮೂರು ಸಾಮಾನು ಇದ್ದವಂತೆ: ಒಂದು ಖಾಕಿ ಕೋಟು, ಒಂದು ಕಂಬಳಿ, ಈ ರೇಜರು.

ಅವತ್ತಿನಿಂದ ಕೇರಿಯ ಚಿತ್ರವೇ ಬದಲಾಯಿತು ಅಂತಾಳೆ ಅವ್ವ. ಭಾನುವಾರ ಬಂತಂದರೆ ಮುತ್ಯಾನ ಕಟ್ಟೆಯ ಮುಂದೆ ಪಾಳಿ. ಒಂದೇ ರೇಜರ್, ಒಂದೇ ಬ್ಲೇಡ್. ಬ್ಲೇಡ್ ಮೊಂಡಾದರೆ ಗಾಜಿನ ಲೋಟದ ಒಳಗೆ ಬೆರಳಿನಿಂದ ಒತ್ತಿ ಈ ಕಡೆ ಆ ಕಡೆ ತಿಕ್ಕಿ ಮತ್ತೆ ಚೂಪು ಮಾಡೋದು. ಹಿಂಗ ಒಂದು ಬ್ಲೇಡು ಒಂದು ತಿಂಗಳು. ಇವತ್ತು ಕೇಳಿದರೆ ರೋಗದ ಭಯ ಆಗ್ತದೆ. ಆವತ್ತು ಅವರಿಗಿದ್ದ ಭಯವೇ ಬೇರೆ.

ಈಗ ಈ ರೇಜರಿನ ಕತೆಗೆ ಬರೋಣ. ಮೊದಲೆಲ್ಲ ದಾಡಿ ಅಂದರೆ ಮಡಚೋ ಉದ್ದ ಕತ್ತಿ. ಅದನ್ನ ಹಿಡಿಯಾಕ ಕೈ ಪಳಗಿರಬೇಕು, ತೊಗಲಿನ ಪಟ್ಟಿಯ ಮೇಲೆ ದಿನಾ ಮಸೀಬೇಕು. ಅದಕ್ಕೇ ಚೌರಿಕ ಬೇಕಾಗಿದ್ದ. 1880ರಲ್ಲಿ ನ್ಯೂಯಾರ್ಕಿನ ಕ್ಯಾಂಫೆ ಸಹೋದರರು ಅಲಗಿಗೆ ತಡೆ ಇರೋ ರೇಜರ್ ಮಾಡಿದರು. ಆದರೆ ಅದರ ಅಲಗನ್ನೂ ಮಸೀಬೇಕಿತ್ತು. ಬಾಟಲಿ ಮುಚ್ಚಳದ ಕಂಪನಿಯಲ್ಲಿ ಊರೂರು ತಿರುಗಿ ಮಾಲು ಮಾರುತ್ತಿದ್ದ ಕಿಂಗ್ ಕ್ಯಾಂಪ್ ಜಿಲೆಟ್ ಅನ್ನೋ ಮನುಷ್ಯನಿಗೆ 1895ರಲ್ಲಿ ಒಂದು ವಿಚಾರ ಹೊಳೀತು: ಮಸೆಯೋದೇ ಬೇಡ, ತೆಳ್ಳನೆ ಬ್ಲೇಡ್ ಮಾಡೋಣ, ಮೊಂಡಾದರೆ ಎಸೆದು ಹೊಸದು ಹಾಕೋಣ. ಅಷ್ಟು ತೆಳ್ಳನೆ ಉಕ್ಕಿಗೆ ಹದ ಕೊಡೋದು ಆಗದ ಮಾತು ಅಂತ ಬಲ್ಲವರೆಲ್ಲ ಹೇಳಿದರು. ವಿಲಿಯಂ ನಿಕರ್ಸನ್ ಅನ್ನೋ ಎಂಜಿನಿಯರ್ ಅದನ್ನ ಸಾಧಿಸಿದ. 1903ರಲ್ಲಿ ಮಾರಾಟವಾಗಿದ್ದು ಬರೀ 51 ರೇಜರ್, 168 ಬ್ಲೇಡ್. ಮರುವರ್ಷ 1904ರಲ್ಲಿ 90 ಸಾವಿರಕ್ಕೂ ಹೆಚ್ಚು ರೇಜರ್. ಅದೇ ವರ್ಷದ ನವೆಂಬರದಲ್ಲಿ ಪೇಟೆಂಟ್ ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕ ತನ್ನ ಸೈನಿಕರಿಗೆಂದು 35 ಲಕ್ಷ ರೇಜರ್ ಕೊಂಡಿತು. ಯುದ್ಧಕ್ಕೆ ಹೋದವರು ಕಂದಕದಲ್ಲಿ ತಾವೇ ದಾಡಿ ಮಾಡಿಕೊಳ್ಳೋದು ಕಲಿತು ಬಂದರು. ಹಿಂಗ ರೇಜರು ಲೋಕದ ತುಂಬ ಹರಡಿತು.

ಅಮೆರಿಕದ ಬಿಳಿಯನಿಗೆ ಈ ರೇಜರ್ ಉಳಿಸಿದ್ದು ಹೊತ್ತು ಮತ್ತು ನಾಕು ಕಾಸು. ಚೌರಿಕನ ಅಂಗಡಿಯಲ್ಲಿ ಕಾಯೋ ತಾಪತ್ರಯ ಅವನಿಗೆ ತಪ್ಪಿತು. ನಮ್ಮ ಮುತ್ಯಾನಿಗೆ ಕಾಯೋ ತಾಪತ್ರಯ ಇರಲೇ ಇಲ್ಲ. ಕಾಯಾಕ ಅವನಿಗೆ ಅಂಗಡಿಯ ಬಾಗಿಲೇ ಇರಲಿಲ್ಲ. ಒಂದೇ ಸಾಮಾನು, ಎರಡು ಬೇರೆ ಬೇರೆ ಇತಿಹಾಸ. ಜಾತಿ ಕೇಳದೆ ಗದ್ದ ಮುಟ್ಟಿದ ಮೊದಲ ಅಲಗು ನಮ್ಮ ಕೇರಿಗೆ ಇದೇ ಆಗಿತ್ತು.

ಬಾಬಾಸಾಹೇಬರು ತಮ್ಮ ಬಾಲ್ಯದ ನೆನಪುಗಳಲ್ಲಿ ಇದನ್ನೇ ಬರೆದಿದ್ದಾರೆ. ಸಾತಾರಾದಲ್ಲಿ ಚೌರಿಕರು ಇರಲಿಲ್ಲ ಅಂತಲ್ಲ, ದುಡ್ಡು ಕೊಡಾಕ ಆಗ್ತಿರಲಿಲ್ಲ ಅಂತಲೂ ಅಲ್ಲ. ಅಸ್ಪೃಶ್ಯರ ತಲೆ ಮುಟ್ಟಲು ಯಾರೂ ಒಪ್ಪುತ್ತಿರಲಿಲ್ಲ. ಹುಡುಗರ ಕೂದಲನ್ನೆಲ್ಲ ಅಕ್ಕನೇ ತೆಗೀತಿದ್ದಳು. ಮಾಡಿ ಮಾಡಿ ಆಕೆ ಪಳಗಿದ ಚೌರಿಕಳೇ ಆಗಿಬಿಟ್ಟಿದ್ದಳು. ನಮ್ಮ ದೇಶದ ಸಂವಿಧಾನ ಬರೆದವರ ತಲೆಗೂದಲನ್ನು ಮನೆಯ ಹೆಣ್ಣುಮಗಳು ತೆಗೆಯಬೇಕಾಗಿತ್ತು. ಅದನ್ನ ಅವರು ಮರೆಯಲಿಲ್ಲ ಅಂತ ನನಗನ್ನಿಸೋದು ಯಾಕಂದರೆ, 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಅಂಗಡಿಗಳಿಗೆ ಎಲ್ಲರಿಗೂ ಪ್ರವೇಶ ಅನ್ನೋ ಮಾತು ಬಂದಾಗ, ಅಂಗಡಿ ಅಂದರೆ ಏನು ಅಂತ ಅವರೇ ಬಿಡಿಸಿ ಹೇಳಿದರು. ಅಂಗಡಿ ಅಂದರೆ ಒಳಗೆ ಕಾಲಿಡೋದಷ್ಟೇ ಅಲ್ಲ, ಅಲ್ಲಿ ಸಿಗೋ ಸೇವೆಯನ್ನೂ ಪಡೆಯೋದು ಅನ್ನೋದು ಅವರ ಮಾತಿನ ತಾತ್ಪರ್ಯ. ಅಸ್ಪೃಶ್ಯತೆಯನ್ನು ತೆಗೆದುಹಾಕುವ ವಿಧಿಯನ್ನು, ಅಂದರೆ ಇವತ್ತಿನ 17ನೇ ವಿಧಿಯನ್ನು, ಸಭೆ ಒಪ್ಪಿದ್ದೂ ಅದೇ ದಿನ.

ನಮ್ಮ ಕಡೆ ಸಂಸ್ಥಾನಗಳು 1948ರ ಮಾರ್ಚಿನಲ್ಲಿ ಮುಂಬೈ ಪ್ರಾಂತಕ್ಕೆ ಸೇರಿದವು. 1955ರಲ್ಲಿ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಬಂತು. 1976ರಲ್ಲಿ ಅದನ್ನೇ ಬಿಗಿ ಮಾಡಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಿಟ್ಟರು. ಅದರ 6ನೇ ಕಲಂ ನೆನಪಿಟ್ಟುಕೊಳ್ಳಿ: ಅಸ್ಪೃಶ್ಯತೆಯ ಕಾರಣಕ್ಕೆ ಯಾರಿಗಾದರೂ ಸೇವೆ ಕೊಡಲ್ಲ ಅಂದರೆ ಒಂದು ತಿಂಗಳಿಂದ ಆರು ತಿಂಗಳವರೆಗೆ ಜೈಲು, ನೂರರಿಂದ ಐದು ನೂರು ರೂಪಾಯಿ ದಂಡ.

ಕಾಗದದ ಮೇಲೆ ಹಿಂಗ. ನೆಲದ ಮೇಲೆ?

ನಾನು ನಾಲ್ಕನೇ ಇಯತ್ತೆ ಇದ್ದಾಗಿನ ಮಾತು. ಅಪ್ಪ ಅಷ್ಟೊತ್ತಿಗೆ ಬನಹಟ್ಟಿಗೆ ಬಂದು ಮಗ್ಗದ ಕೆಲಸಕ್ಕೆ ಸೇರಿದ್ದ. ಬ್ಯಾಸಿಗಿ ಸೂಟಿಗೆ ಮುತ್ಯಾನ ಊರಿಗೆ ಹೋಗಿದ್ದೆ. ಬನಹಟ್ಟಿಯಲ್ಲಿ ಯಾರು ಯಾರ ಮಗ ಅಂತ ಯಾರೂ ಕೇಳದ ಕಾರಣ ಕಟಿಂಗ್ ಅಂಗಡಿಗೆ ಹೋಗಿ ನನಗೆ ರೂಢಿ ಇತ್ತು. ಅದೇ ಧೈರ್ಯದಲ್ಲಿ ಊರ ಅಗಸಿಯ ಹತ್ತಿರ ಗಿಡದ ಕೆಳಗಿನ ಕಟಿಂಗ್ ಅಂಗಡಿಗೆ ಹೋಗಿ ಕೂತೆ. ಕೊರಳಿಗೆ ಅರಿವೆ ಸುತ್ತಿ, ಒಂದು ಪಕ್ಕ ಮಷಿನ್ ಹಾಕಿ ಮುಗಿಸಿದ್ದ. ಆಗ ಕೇಳಿದ: "ಯಾರ ಮಗಾಲೇ ನೀ?"

ಮುತ್ಯಾನ ಹೆಸರು ಹೇಳಿದೆ. ಅವನ ಕೈ ನಿಂತಿತು. ಏನೂ ಮಾತಾಡಲಿಲ್ಲ. ಕೊರಳಿನ ಅರಿವೆ ಬಿಚ್ಚಿದ. ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಹಿರೇರು ನನ್ನ ಕಡೆ ನೋಡಲಿಲ್ಲ, ಅವನ ಕಡೆ ನೋಡುತ್ತಿದ್ದರು. ಒಂದು ಪಕ್ಕ ಬೋಳು, ಇನ್ನೊಂದು ಪಕ್ಕ ಕೂದಲು. ಹಂಗೇ ಊರ ನಡುವಿನಿಂದ ಕೇರಿತನಕ ನಡೆದುಕೊಂಡು ಬಂದೆ. ಹಿಂದೆ ಹುಡುಗರು ಕೂಗುತ್ತ ಬಂದರು. ಮುತ್ಯಾ ಕಟ್ಟೆಯ ಮೇಲೆ ಕೂರಿಸಿಕೊಂಡು, ಕತ್ತರಿ ಹಿಡಿದು ಉಳಿದದ್ದು ತೆಗೆದು, ಇದೇ ರೇಜರಿನಿಂದ ತಲೆಯೆಲ್ಲ ನುಣ್ಣಗೆ ಬೋಳಿಸಿದ. "ಪೂರಾ ಬೋಳ ಆದ್ರ ನಾಚಿಕಿ ಇಲ್ಲ ತಮ್ಮಾ, ಅರ್ಧಾ ಆದ್ರ ನಾಚಿಕಿ" ಅಂದ. ನಾನು ಅವತ್ತು ಅತ್ತಿದ್ದು ನೆನಪಿದೆ. ಅವನ ಕೈ ನಡುಗಿದ್ದೂ ನೆನಪಿದೆ.

ಕತೆ ಅಲ್ಲಿಗೆ ಮುಗೀಲಿಲ್ಲ. ರಾತ್ರಿ ಊಟದ ಹೊತ್ತು ಕಳೆದ ಮೇಲೆ ಆ ಚೌರಿಕ ಕೇರಿಗೆ ಬಂದ. ಕತ್ತಲಲ್ಲಿ ನಿಂತು ಮುತ್ಯಾನಿಗೆ ಹೇಳಿದ: "ಹುಡುಗನ್ನ ನೋಡಿ ಹೊಟ್ಟಿ ಉರೀತು. ಆದ್ರ ನಾ ಮುಂದುವರಿಸಿದ್ರ ನಾಳಿಂದ ಯಾರೂ ನನ್ನ ಹತ್ರ ಬರಂಗಿಲ್ಲ, ಆಯಾ ಬಂದ್ ಮಾಡ್ತಾರ. ನಾಕ್ ಮಕ್ಳದಾವ." ಮುತ್ಯಾ ಬಹಳ ಹೊತ್ತು ಸುಮ್ಮನಿದ್ದ. ಕಡೆಗೆ ಒಂದೇ ಮಾತು ಕೇಳಿದ: "ನಿನ್ನ ಕತ್ತಿ ಮಸಿಯೂ ತೊಗಲ ಯಾರ ಮನೀದೋ?"

ಆ ಪ್ರಶ್ನೆ ನನಗೆ ಅರ್ಥ ಆಗಾಕ ಮೂವತ್ತು ವರ್ಷ ಬೇಕಾಯಿತು. ಕತ್ತಿಗೆ ಹರಿತ ಬರೋದು ತೊಗಲಿನ ಪಟ್ಟಿಯಿಂದ. ಆ ತೊಗಲು ಹದ ಮಾಡಿದ್ದು ನಮ್ಮ ಮಾದಿಗರ, ಸಮಗಾರರ ಕೈ. ಹರಿತ ಕೊಡೋ ಕೈ ಬೇಕು, ಗದ್ದ ಬೇಡ. ಬ್ರಷ್ಷಿನ ಕತೆಯೂ ಅಷ್ಟೇ. ಇವತ್ತು ನಾನು ಕೊಂಡದ್ದು ನೈಲಾನಿಂದು. ಹಳೆಯ ಬ್ರಷ್ಷುಗಳಲ್ಲಿ ಇರುತ್ತಿದ್ದದ್ದು ಬಹುಮಟ್ಟಿಗೆ ಹಂದಿಯ ಕೂದಲು. ಕಾನಪುರದಲ್ಲಿ ಈ ಹಂದಿಗೂದಲಿನ ಕಸುಬು ಖಟೀಕರ ಕೈಯಲ್ಲಿ ದೊಡ್ಡ ವ್ಯಾಪಾರವಾಗಿ ಬೆಳೀತು, ವಿದೇಶಕ್ಕೂ ಹೋಯಿತು. ಹಂದಿ ಸಾಕೋರನ್ನ ಅಂಗಳದಲ್ಲಿ ನಿಲ್ಲಿಸದವರು ಅದೇ ಹಂದಿಯ ಕೂದಲನ್ನು ದಿನಾ ಮುಂಜಾನೆ ಕೆನ್ನೆಗೆ ತಿಕ್ಕಿಕೊಂಡರು. ಯಾರ ಮಡಿಯೂ ಕೆಡಲಿಲ್ಲ!

ಈಗ ಒಂದು ಮಾತನ್ನ ನಮ್ಮ ಗೆಳೆಯರಿಗೆ ಒತ್ತಿ ಹೇಳಬೇಕಾಗಿದೆ. ಇಂಥ ಪ್ರಕರಣ ನಡೆದಾಗೆಲ್ಲ ನಮ್ಮ ಸಿಟ್ಟು ನೆಟ್ಟಗೆ ಚೌರಿಕನ ಮೇಲೆ ಹೋಗುತ್ತದೆ. ಹೋಗಬೇಕು ಕೂಡ, ಕಾನೂನು ಮುರಿದವನು ಅವನೇ. ಆದರೆ ಅವನ ಹಿಂದೆ ಕಟ್ಟೆಯ ಮೇಲೆ ಕೂತವರನ್ನ ಮರೀಬಾರದು. 2020ರಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ ಏನಾಯಿತು? ದಲಿತರ ಕೂದಲು ಕತ್ತರಿಸಿದ್ದಕ್ಕೆ ಚೌರಿಕನಿಗೇ ಬಹಿಷ್ಕಾರ ಹಾಕಿ, 50 ಸಾವಿರ ರೂಪಾಯಿ ದಂಡ ಕೇಳಿದರು ಅಂತ ಪತ್ರಿಕೆಗಳಲ್ಲಿ ಬಂತು. ಮುತ್ಯಾನ ಮುಂದೆ ಕತ್ತಲಲ್ಲಿ ನಿಂತವನ ಭಯ ಸುಳ್ಳಾಗಿರಲಿಲ್ಲ.

ಆ ಸಮುದಾಯಕ್ಕೂ ಒಂದು ಇತಿಹಾಸ ಇದೆ. ನಮ್ಮ ಭಾಗದಲ್ಲಿ ಅವರು ಹಡಪದರು, ಕಲ್ಯಾಣದ ಹಡಪದ ಅಪ್ಪಣ್ಣನ ಕುಲದವರು. ಚೌರಿಕನ ಮುಖ ನೋಡಿದರೆ ಅಪಶಕುನ ಅನ್ನೋ ಕಾಲದಲ್ಲಿ, ತನ್ನನ್ನು ನೋಡಲು ಬಂದವರು ಮೊದಲು ಅಪ್ಪಣ್ಣನ ಮುಖ ನೋಡಲಿ ಅಂತ ಬಸವಣ್ಣ ಅವನನ್ನ ಹತ್ತಿರ ಇಟ್ಟುಕೊಂಡ ಅನ್ನೋ ಕತೆ ಇವತ್ತಿಗೂ ಆ ಮನೆಗಳಲ್ಲಿ ಹೇಳ್ತಾರೆ. ಅಪ್ಪಣ್ಣನೂ ವಚನಕಾರ, ಅವನ ಹೆಂಡತಿ ಲಿಂಗಮ್ಮನೂ ವಚನಕಾರ್ತಿ. ಇವತ್ತಿಗೂ ಅವರ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡ ಮಂದಿ ಇದ್ದಾರೆ. ನಮ್ಮವರೂ ಅದರಲ್ಲಿ ಇದ್ದಾರೆ, ಒಪ್ಪಿಕೊಳ್ಳೋಣ, ಇನ್ನು ಮುಂದೆ ಬಿಡೋಣ.

ಇನ್ನೊಂದು ನೆನಪು. 1890ರಲ್ಲಿ ಮುಂಬೈಯ ಚೌರಿಕರು ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ಸಭೆ ಸೇರಿ, ಬ್ರಾಹ್ಮಣ ವಿಧವೆಯರ ತಲೆ ಬೋಳಿಸೋದಿಲ್ಲ ಅಂತ ತೀರ್ಮಾನ ಮಾಡಿದರು. ಹೊಟ್ಟೆಪಾಡಿನ ಕತ್ತಿಯನ್ನ ಕೆಳಗಿಟ್ಟು, ಹೆಣ್ಣುಮಕ್ಕಳನ್ನ ಅವಮಾನಿಸೋ ಕೆಲಸ ನಮ್ಮದಲ್ಲ ಅಂದರು. ಚೌರಿಕ ಇಲ್ಲ ಅಂದದ್ದು ಅಲ್ಲೂ ಇದೆ, ನನ್ನ ಅರ್ಧ ತಲೆಯ ಕತೆಯಲ್ಲೂ ಇದೆ. ಅಲ್ಲಿ ಇಲ್ಲ ಅಂದದ್ದು ಅವಮಾನಕ್ಕೆ. ಇಲ್ಲಿ ಇಲ್ಲ ಅಂದದ್ದು ಮನುಷ್ಯನಿಗೆ. ಕತ್ತಿ ಹಿಡಿದ ಕೈ ಯಾರ ಪರ ನಿಲ್ತದೆ ಅನ್ನೋದು ಹಣೆಬರಹ ಅಲ್ಲ. ಅದು ತೀರ್ಮಾನ, ಬದಲಾಗಬಹುದು.

ಮುಖದ ಮೇಲಿನ ಕೂದಲು ಸಣ್ಣ ವಿಷಯ ಅಂತ ನಗೋರಿಗೆ ಎರಡು ಮಾತು. 2017ರಲ್ಲಿ ಗುಜರಾತಿನ ಗಾಂಧಿನಗರ ಜಿಲ್ಲೆಯ ಲಿಂಬೋದರಾದಲ್ಲಿ ಮೀಸೆ ಬಿಟ್ಟರು ಅಂತ ನಮ್ಮ ಹುಡುಗರನ್ನ ಹೊಡೆದರು. ಆಗ ಸಾವಿರಾರು ಯುವಕರು ಮೀಸೆಯ ಚಿತ್ರವನ್ನೇ ತಮ್ಮ ಪ್ರೊಫೈಲಿಗೆ ಹಾಕಿಕೊಂಡರು. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದಾಗ, ಬಲವಂತವಾಗಿ ತಲೆ ಬೋಳಿಸೋದು, ಮೀಸೆ ತೆಗೆಯೋದು ಅಂತ ಹೆಸರಿಟ್ಟೇ ಅಪರಾಧಗಳ ಪಟ್ಟಿಯಲ್ಲಿ ಸೇರಿಸಬೇಕಾಯಿತು. ನಾವು ಬೇಕು ಅಂದಾಗ ಕತ್ತಿ ಬರೋದಿಲ್ಲ, ನಾವು ಬೇಡ ಅಂದಾಗ ಬಲವಂತವಾಗಿ ಬರುತ್ತದೆ. ಈ ದೇಶದಲ್ಲಿ ಕೂದಲು ಕೂಡ ನಮ್ಮ ಸ್ವಂತದ್ದಲ್ಲ.

2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕಟಿಂಗ್ ಮಾಡಿಸಿಕೊಳ್ಳಾಕ ಹೋದ ನಮ್ಮ ಹುಡುಗ ಹೆಣವಾಗಿ ಬಂದ. ಜಗಳ ಆಯಿತು, ಕತ್ತರಿಯಿಂದ ಇರಿದರು. ಬನಹಟ್ಟಿಯಿಂದ ಅದೇನು ದೂರದ ಊರಲ್ಲ. ಸುದ್ದಿ ಕೇಳಿದ ದಿನ ಅರ್ಧ ಬೋಳಿಸಿದ ನನ್ನ ತಲೆ ನೆನಪಾಗಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ನನಗೆ ಅರ್ಧ ತಲೆಯಲ್ಲಿ ಮುಗಿದದ್ದು ಅವನಿಗೆ ಜೀವದಲ್ಲಿ ಮುಗೀತು. ನಡುವೆ ನಲವತ್ತು ವರ್ಷ.

ಅದಕ್ಕೇ ಕೆಲವರು "ಮನ್ಯಾಗ ಮಾಡ್ಕೊಂಡ್ರ ಆತಲ್ಲ, ಯಾಕ ಜಗಳ?" ಅಂದಾಗ ನನಗೆ ಸಿಟ್ಟು ಬರುತ್ತದೆ. ನಮ್ಮಪ್ಪ ಮಾಡಿದ್ದು ಅದನ್ನೇ. ಬನಹಟ್ಟಿಯಲ್ಲಿ ಬಾಗಿಲು ತೆರೆದಿದ್ದರೂ ಸಾಯೋತನಕ ಕಟಿಂಗ್ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಪವರ್‌ಲೂಮಿನ ಖಟಪಟದ ನಡುವೆ ಇಡೀ ದಿನ ದುಡಿದು, ರಾತ್ರಿ ಕನ್ನಡಿಯ ತುಂಡು ಗೋಡೆಗೆ ಒರಗಿಸಿ ತಾನೇ ದಾಡಿ ಮಾಡಿಕೊಳ್ಳುತ್ತಿದ್ದ. ನಾನು ಅದನ್ನ ಉಳಿತಾಯ ಅಂದುಕೊಂಡಿದ್ದೆ. "ಯಾರ ಮಗಾಲೇ ನೀ" ಅನ್ನೋ ಪ್ರಶ್ನೆಯನ್ನ ಇನ್ನೊಂದು ಸಲ ಕೇಳಿಸಿಕೊಳ್ಳೋದು ಅವನಿಗೆ ಬೇಡವಾಗಿತ್ತು.

ರೇಜರ್ ಕೇರಿಯ ಗದ್ದಕ್ಕೆ ಮರ್ಯಾದೆ ಕೊಟ್ಟಿತು, ನಿಜ. ಊರಿನ ತಪ್ಪನ್ನ ಅದು ತಿದ್ದಲಿಲ್ಲ. ಬೇಕಾದಾಗ ಮನೆಯಲ್ಲಿ ಮಾಡಿಕೊಳ್ಳೋದು ಸುಖ. ಬೇರೆ ದಾರಿ ಇಲ್ಲದೆ ಮನೆಯಲ್ಲಿ ಮಾಡಿಕೊಳ್ಳೋದು ಬಹಿಷ್ಕಾರ. ಈ ಎರಡರ ವ್ಯತ್ಯಾಸ ಮರೆತರೆ ನಾವು ಮುತ್ಯಾನ ಕಟ್ಟೆಯ ಪಾಳಿಯಲ್ಲೇ ನಿಂತಿರ್ತೀವಿ.

ಆದ್ದರಿಂದ ಗೆಳೆಯರೇ, ಮಾಡಬೇಕಾದ ಕೆಲಸ ಇಷ್ಟು. ನಿಮ್ಮ ಹಳ್ಳಿಯಲ್ಲಿ ಸೇವೆ ನಿರಾಕರಿಸಿದರೆ ಒಬ್ಬರೇ ಹೋಗಿ ಜಗಳ ಮಾಡಬೇಡಿ. ಸಾಕ್ಷಿ ಜೊತೆ ಹೋಗಿ, ದಿನ ಮತ್ತು ಹೊತ್ತು ಬರೆದಿಟ್ಟುಕೊಳ್ಳಿ, ದೂರು ಲಿಖಿತವಾಗಿ ಕೊಟ್ಟು ಪ್ರತಿಗೆ ಸಹಿ ತಗೊಳ್ಳಿ. ನಮ್ಮ ಕೂದಲು ಕತ್ತರಿಸಿದ ಚೌರಿಕನಿಗೆ ತೊಂದರೆ ಬಂದರೆ ಮೊದಲು ಹೋಗಿ ಅವನ ಪಕ್ಕ ನಿಲ್ಲಿ. ಅಸ್ಪೃಶ್ಯತೆ ಆಚರಿಸಲು ಒಪ್ಪದವನನ್ನ ಅವನ ಸಮುದಾಯದವರೇ ಹೊರಗೆ ಹಾಕಿದರೆ ಅದೂ ಅದೇ ಕಾಯ್ದೆಯ 7ನೇ ಕಲಮಿನಲ್ಲಿ ಅಪರಾಧ. ಇದನ್ನ ಅವನಿಗೂ ತಿಳಿಸಿ, ಬಹಳ ಜನಕ್ಕೆ ಗೊತ್ತಿಲ್ಲ.

ಮೊನ್ನೆ ಭಾನುವಾರ ಮಗ ಕೇಳಿದ, "ಅಪ್ಪಾ, ಈ ರೇಜರ್ ನನಗ ಕೊಡ್ತಿಯೇನು?" ಅವನು ಹೋಗೋ ಸಲೂನಿನಲ್ಲಿ ಕೆಲಸ ಮಾಡೋ ಹಡಪದರ ಹುಡುಗ ಅವನ ಸಾಲಿಯ ಗೆಳೆಯ. ಇಬ್ಬರೂ ಒಂದೇ ತಾಟಿನಲ್ಲಿ ಮಿರ್ಚಿ ಭಜಿ ತಿಂತಾರೆ. ನಾನಂದೆ, "ಕೊಡ್ತೀನಿ. ಆದ್ರ ಸಲೂನಿಗೆ ಹೋಗೂದ್ ಬಿಡಬ್ಯಾಡ."

ರೇಜರ್ ಒರೆಸಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಈ ಸಲ ಟ್ರಂಕಿನ ತಳದಲ್ಲಲ್ಲ, ಬಾಬಾಸಾಹೇಬರ ಫೋಟೋದ ಕೆಳಗಿನ ಗೂಡಿನಲ್ಲಿ. ನಿಮ್ಮ ಮನೆಯಲ್ಲೂ ಇಂಥ ಕತ್ತರಿ, ರೇಜರ್, ಕನ್ನಡಿಯ ತುಂಡು ಇರಬಹುದು. ಹಿರಿಯರು ಇರೋತನಕ ಕೇಳಿಕೊಳ್ಳಿ, ಬರೆದಿಡಿ. ನಮ್ಮ ಇತಿಹಾಸ ಇಂಥ ಡಬ್ಬಿಗಳಲ್ಲೇ ಇದೆ.

ಜೈ ಭೀಮ್.